ಮಾತ್ರೆ ಚೀಟಿ ಬಚ್ಚಿಡೋದು ಯಾಕೆ?

ಶುಗರ್ ಮಾತ್ರೆಯನ್ನ ಆಫೀಸಿನ ಮೇಜಿನ ಮೇಲೇ ಇಟ್ಕೊಂಡು ನುಂಗ್ತೀವಿ. ಬಿಪಿ ಮಾತ್ರೆಯೂ ಅಷ್ಟೇ. ಖಿನ್ನತೆಯ ಮಾತ್ರೆ ಮಾತ್ರ ಬ್ಯಾಗಿನ ತಳ ಸೇರುತ್ತೆ. ಯಾಕೆ? ಯಾರಾದ್ರೂ ನೋಡಿದ್ರೆ "ನಿಮ್ಹಾನ್ಸ್ ಕೇಸು" ಅಂದುಬಿಡ್ತಾರೆ. ದೇಶವೇ ಗೌರವಿಸುವ ಆಸ್ಪತ್ರೆಯ ಹೆಸರನ್ನ ಬೈಗುಳ ಮಾಡಿಕೊಂಡವರು ನಾವು!

ಇವತ್ತು ನಾನು ಒಂದು ತೀರ್ಪಿನ ಬಗ್ಗೆ ಹೇಳ್ತೀನಿ. ಸಿಆರ್‌ಪಿಎಫ್‌ನ ಒಬ್ಬ ಅಧಿಕಾರಿ. ಅವರಿಗೆ ಗೀಳು ಕಾಯಿಲೆ, ಅಂದ್ರೆ ಒಸಿಡಿ, ಜೊತೆಗೆ ಖಿನ್ನತೆ. ಅವರ ನಡವಳಿಕೆ ಸರಿಯಿಲ್ಲ ಅಂತ ಇಲಾಖಾ ವಿಚಾರಣೆ ಶುರುವಾಯಿತು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. 2021ರ ಡಿಸೆಂಬರ್ 17ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಪೀಠ ಆ ವಿಚಾರಣೆಯನ್ನೇ ರದ್ದು ಮಾಡಿತು. ಮಾನಸಿಕ ವೈಕಲ್ಯ ಇರುವವರು ದುರ್ನಡತೆಯ ಆರೋಪಕ್ಕೆ ಸಿಲುಕುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಹಾಗಾಗಿ ಇಂಥ ಕ್ರಮ ಪರೋಕ್ಷ ತಾರತಮ್ಯ ಅಂದಿತು ಕೋರ್ಟ್.

"ಹಾಗಾದ್ರೆ ಕೈಗೆ ಬಂದೂಕು ಕೊಡೋದಾ?" ಅಂತ ನೀವು ಕೇಳಬಹುದು. ಇಲ್ಲ. ಈಗಿನ ಕೆಲಸಕ್ಕೆ ಯೋಗ್ಯರಲ್ಲ ಅಂತಾದ್ರೆ ಬೇರೆ ಹುದ್ದೆ ಕೊಡಿ, ಸಂಬಳ ಉಳಿಸಿ, ಆಯುಧದ ಗೊಡವೆ ಇಲ್ಲದ ಕೆಲಸವನ್ನೂ ನೋಡಬಹುದು ಅಂತ ಕೋರ್ಟೇ ಹೇಳಿದೆ.

ಇದು ದಯೆ ಅಲ್ಲ ಸ್ವಾಮಿ, ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ವೈಕಲ್ಯಗಳಲ್ಲಿ ತೀವ್ರ ಮಾನಸಿಕ ಕಾಯಿಲೆಯೂ ಇದೆ. ಸೇವೆಯಲ್ಲಿದ್ದಾಗ ವೈಕಲ್ಯ ಬಂದರೆ ನೌಕರನನ್ನು ತೆಗೆಯುವಂತಿಲ್ಲ, ಹಿಂಬಡ್ತಿಯೂ ಕೊಡುವಂತಿಲ್ಲ ಅನ್ನುತ್ತೆ 20ನೇ ಸೆಕ್ಷನ್. 2017ರ ಮಾನಸಿಕ ಆರೋಗ್ಯ ಕಾಯ್ದೆ ಇನ್ನೊಂದು ಮಾತು ಸೇರಿಸಿದೆ: ಹಿಂದೆ ಚಿಕಿತ್ಸೆ ಪಡೆದಿದ್ರು ಅನ್ನೋ ಒಂದೇ ಕಾರಣಕ್ಕೆ ಇವತ್ತೂ ಕಾಯಿಲೆ ಇದೆ ಅಂತ ತೀರ್ಮಾನಿಸುವಂತಿಲ್ಲ.

ಆದರೆ ಒಂದು ಕೊರತೆ ಇದೆ. 20ನೇ ಸೆಕ್ಷನ್ ಸರ್ಕಾರಿ ಸಂಸ್ಥೆಗಳಿಗಷ್ಟೇ. ಖಾಸಗಿಯವರಿಗೆ ಸಮಾನ ಅವಕಾಶ ನೀತಿ ಪ್ರಕಟಿಸಿ ಅಂತ ಕಾಯ್ದೆ ಹೇಳುತ್ತೆ. ಕೆಲಸದಿಂದ ತೆಗೆಯಬೇಡಿ ಅನ್ನೋ ಅಷ್ಟೇ ಗಟ್ಟಿ ಮಾತು ಅಲ್ಲಿಲ್ಲ. ಐಟಿ ಕಂಪನಿಯ ಹುಡುಗಿ, ಗಾರ್ಮೆಂಟ್ಸ್‌ನ ಅಕ್ಕ ಚೀಟಿ ಬಚ್ಚಿಟ್ಟರೆ ತಪ್ಪು ಅವರದಾ? ಬಚ್ಚಿಟ್ಟವರು ರಜೆ ಕೇಳಲ್ಲ, ಡಾಕ್ಟರ ಹತ್ರ ಹೋಗಲ್ಲ, ಮಾತ್ರೆ ಬಿಡ್ತಾರೆ, ಕಾಯಿಲೆ ಬಲಿಯುತ್ತೆ. ಆಮೇಲೆ ನಾವೇ ಅಂತೀವಿ, "ನೋಡಿ, ಇಂಥವರನ್ನ ಕೆಲಸಕ್ಕೆ ಇಟ್ಕೋಬಾರದು" ಅಂತ.

ಮಾಲೀಕರಿಗೆ, ಮ್ಯಾನೇಜರುಗಳಿಗೆ ನಾನು ಹೇಳೋದಿಷ್ಟೇ. ಕೆಲಸ ಮಾಡ್ತಾರಾ ಅಂತ ನೋಡಿ. ಕಷ್ಟ ಆದ್ರೆ ಏನು ಬದಲಾಯಿಸಬೇಕು ಅಂತ ಅವರನ್ನೇ ಕೇಳಿ. ಕಾಯಿಲೆಯ ಹೆಸರು ನೋಡಿ ತೀರ್ಪು ಕೊಡಬೇಡಿ.

ಮನಸ್ಸಿಗೆ ಭಾರ ಅನ್ನಿಸಿದವರು ಟೆಲಿ-ಮಾನಸ್‌ಗೆ ಕರೆ ಮಾಡಿ, 14416. ಕನ್ನಡದಲ್ಲೇ ಮಾತಾಡಬಹುದು.