ಹಳೆಯ ಕಂಪ್ಯೂಟರಿಗೆ ಯಾವುದು ಹಿತ: ವಿಂಡೋಸೋ, ಲಿನಕ್ಸೋ?

(ಜಾವಳಿಯಲ್ಲಿ ಸಂಘದ ಸದಸ್ಯರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್‌ಗಳನ್ನು ಹೋಲಿಸಿ ಮಾತನಾಡಬೇಕೆಂದು ನನಗೆ ಹೇಳಿದ್ದೀರಿ. ಪಠ್ಯಪುಸ್ತಕದ ಹೋಲಿಕೆ ಬಿಟ್ಟು ನಮ್ಮ ಊರಿನ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ. ಬೆಂಗಳೂರಿನಲ್ಲೋ ಗಲ್ಫಿನಲ್ಲೋ ದುಡಿಯುವ ನಮ್ಮವರು "ಮಕ್ಕಳು ಕಲಿಯಲಿ" ಎಂದು ತಾವು ಬಳಸಿದ ಕಂಪ್ಯೂಟರ್ ಕೊಡುತ್ತಾರೆ. ಹೇಮಾವತಿ ಹುಟ್ಟುವ ಈ ಜಾವಳಿಯ ತನಕ ಅದು ಬಂದು ಸೇರಿದ ಮೇಲೆ ಒಳಗೆ ಏನು ಹಾಕಬೇಕು? ಆಯ್ಕೆ ಸರಿಯಾಗದಿದ್ದರೆ ಅದು ಬೇಗ ಮೂಲೆ ಸೇರುತ್ತದೆ, ಮಕ್ಕಳು ಕಂಪ್ಯೂಟರ್ ಕಲಿಯಲು ಮೂಡಿಗೆರೆಯ ಬಸ್ಸು ಹಿಡಿಯಬೇಕಾಗುತ್ತದೆ.

ಈಗ ಈ ಪ್ರಶ್ನೆ ಅವಸರದ್ದೂ ಆಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾದರೆ ವಿಂಡೋಸ್ 11 ಹಾಕೋಣ ಎನ್ನುತ್ತೀರಿ. 2021ರಲ್ಲಿ ಬಂದ ಅದು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಎಲ್ಲವನ್ನೂ ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆಯದ್ದು, ಅಂದರೆ 2017ರ ನಂತರದ್ದು ಇರಬೇಕು. ನಮಗೆ ದಾನವಾಗಿ ಬರುವುದು ಹೆಚ್ಚಾಗಿ ಅದಕ್ಕಿಂತ ಹಳೆಯದು. ನಿಯಮ ತಪ್ಪಿಸಿ ಹಾಕುವ ಉಪಾಯಗಳಿವೆ, ಆದರೆ ಮೈಕ್ರೋಸಾಫ್ಟ್ ಅದಕ್ಕೆ ಹೊಣೆಯಲ್ಲ. ಮಕ್ಕಳ ಕೊಠಡಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಇಲ್ಲಿ "ಡ್ರೈವರ್" ಎಂಬ ಪದವನ್ನು ತಿಳಿಯಬೇಕು. ಪ್ರಿಂಟರ್, ವೈಫೈ, ಸೌಂಡ್ ಇವುಗಳ ಭಾಷೆ ಬೇರೆ ಬೇರೆ. ಆಪರೇಟಿಂಗ್ ಸಿಸ್ಟಮ್‌ಗೆ ಅದನ್ನು ತರ್ಜುಮೆ ಮಾಡಿಕೊಡುವ ದುಭಾಷಿಯೇ ಡ್ರೈವರ್. ವಿಂಡೋಸ್‌ಗೆ ಈ ದುಭಾಷಿಯನ್ನು ಬಹುಮಟ್ಟಿಗೆ ಸಾಧನ ತಯಾರಿಸಿದ ಕಂಪನಿಯೇ ಬರೆದು ಕೊಡುತ್ತದೆ. ಆದ್ದರಿಂದ ಅಂಗಡಿಯಿಂದ ತಂದ ಹೊಸ ಪ್ರಿಂಟರ್ ವಿಂಡೋಸ್‌ನಲ್ಲಿ ಸುಲಭವಾಗಿ ನಡೆಯುತ್ತದೆ. ಕಂಪನಿ ಹಳೆಯ ಮಾದರಿಯ ಕೈಬಿಟ್ಟಿತೋ, ಗಟ್ಟಿಮುಟ್ಟಾಗಿರುವ ಸ್ಕ್ಯಾನರ್ ಕೂಡ ಹೊಸ ವಿಂಡೋಸ್‌ನಲ್ಲಿ ಮೂಕ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನಲ್ಲಿ ಲೆಕ್ಕ ತಿರುವುಮುರುವು. ಬಹುಪಾಲು ಡ್ರೈವರ್‌ಗಳು ಅದರ ತಿರುಳಿನೊಳಗೇ ಸೇರಿವೆ. ಹತ್ತು ವರ್ಷದ ಲ್ಯಾಪ್‌ಟಾಪಿಗೆ ಹಾಕಿದರೆ ಸಾಮಾನ್ಯವಾಗಿ ಏನನ್ನೂ ಡೌನ್‌ಲೋಡ್ ಮಾಡಬೇಕಾಗಿಲ್ಲ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಜೊತೆಜೊತೆಗೇ ರಜೆ ಹಾಕುವ ನಮ್ಮಂಥ ಊರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ತಯಾರಕರು ವಿವರ ಬಿಟ್ಟುಕೊಡದ ಕೆಲವು ವೈಫೈ ಚಿಪ್‌ಗಳು, ಅಗ್ಗದ ಕೆಲವು ಲೇಸರ್ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ನಿಜಕ್ಕೂ ಬೆವರಿಳಿಸುತ್ತವೆ.

ಆಪಲ್‌ನ ಮ್ಯಾಕ್‌ನಲ್ಲಿ ಯಂತ್ರವೂ ತಂತ್ರಾಂಶವೂ ಒಂದೇ ಮನೆಯವು, ಅದಕ್ಕೇ ಜಗಳ ಕಡಿಮೆ. ಬೆಲೆ ನಮ್ಮ ಸಂಘಕ್ಕೆ ಎಟುಕುವಂಥದ್ದಲ್ಲ. ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಿಗೆ 2025ರ ಟಾಹೋ ಆವೃತ್ತಿಯೇ ಕೊನೆಯದೆಂದು ಆಪಲ್ ಹೇಳಿಬಿಟ್ಟಿದೆ.

"ಲಿನಕ್ಸ್ ಕಷ್ಟ, ಮಕ್ಕಳಿಗೆ ಆಗುವುದಿಲ್ಲ" ಎನ್ನುವವರು ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನು ನೋಡಬೇಕು. ಕೇರಳದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ 'ಕೈಟ್' ಎಂಬ ಸರ್ಕಾರಿ ಸಂಸ್ಥೆಯಾಯಿತು. ಅಲ್ಲಿನ ಶಾಲೆಗಳಲ್ಲಿ ಉಬುಂಟು ಆಧಾರಿತ ಲಿನಕ್ಸ್ ಬಳಕೆಯಲ್ಲಿದೆ. ಆ ಮಕ್ಕಳ ಐಟಿ ಪಠ್ಯಪುಸ್ತಕ ಕನ್ನಡದಲ್ಲಿದೆ. ಅವರು ನಮ್ಮ ಮಕ್ಕಳಿಗಿಂತ ಬುದ್ಧಿವಂತರೇನಲ್ಲ, ಮೊದಲು ಕೈಗೆ ಸಿಕ್ಕಿದ್ದೇ ಅದು. "ಸುಲಭ" ಎನ್ನುವುದರಲ್ಲಿ ಮುಕ್ಕಾಲು ಪಾಲು ರೂಢಿ ಎಂದು ನನ್ನ ಅಭಿಪ್ರಾಯ.

ಉಳಿದ ಕಾಲು ಪಾಲು ಮಾತ್ರ ನಿಜವಾದ ತೊಡಕು, ಅದನ್ನು ಮುಚ್ಚಿಡುವುದು ಬೇಡ. ವಾಣಿಜ್ಯ ಓದುವವರಿಗೆ ಬೇಕಾದ ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು. ಕನ್ನಡ ಗಣಕ ಪರಿಷತ್ತಿನ ನುಡಿಯೂ ಅದರ ಮೇಲೇ ಬೆಳೆದದ್ದು. ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ, ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ವರ್ಡ್ ಕಡತ ಲಿಬ್ರೆ ಆಫೀಸ್‌ನಲ್ಲಿ ತೆರೆಯುತ್ತದೆ, ಆದರೆ ಕೋಷ್ಟಕಗಳು ಆಚೀಚೆ ಜಾರುವುದುಂಟು. ಬೆರಳಚ್ಚಿನ ಬಗ್ಗೆ ಮಾತ್ರ ಭಯ ಬೇಡ. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ ನುಡಿಯ ಕೀಲಿಮಣೆಗೆ ಒಗ್ಗಿದ ಕೈಗೆ ಲಿನಕ್ಸ್‌ನಲ್ಲಿ 'ಕಗಪ' ಹೆಸರಿನ ಕನ್ನಡ ವಿನ್ಯಾಸ ಸಿಗುತ್ತದೆ. ಬ್ಯಾರಿ ಭಾಷೆಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿಗೂ ಇದೇ ಸಾಕು. ಬಲದಿಂದ ಎಡಕ್ಕೆ ಬರೆಯುವ ಉರ್ದು, ಅರಬಿ ಕೀಲಿಮಣೆಗಳು ಮೂರೂ ಕಡೆ ಇವೆ.

ಆದ್ದರಿಂದ ನನ್ನ ಸಲಹೆ ಇದು. ವಿಂಡೋಸ್ 11ಕ್ಕೆ ಅರ್ಹವಾದ ಒಂದು ಯಂತ್ರವನ್ನು ಟ್ಯಾಲಿ ಮತ್ತು ನುಡಿಗಾಗಿ ಇಟ್ಟುಕೊಳ್ಳಿ. ಉಳಿದ ಹಳೆಯವಕ್ಕೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. 2 ಜಿಬಿ ರ‍್ಯಾಮ್‌ನಲ್ಲೂ ನಡೆಯುತ್ತದೆ, 4 ಇದ್ದರೆ ನೆಮ್ಮದಿ. ಹಾಕುವ ಮೊದಲು ಪರೀಕ್ಷಿಸಿ. ಚಿಕ್ಕಮಗಳೂರಿಗೋ ಮೂಡಿಗೆರೆಗೋ ಹೋದಾಗ ಒಳ್ಳೆಯ ನೆಟ್ ಇರುವ ಕಡೆ ಅದನ್ನು ಇಳಿಸಿ 8 ಜಿಬಿ ಪೆನ್‌ಡ್ರೈವ್‌ಗೆ ತುಂಬಿಸಿಕೊಳ್ಳಿ. ಕಂಪ್ಯೂಟರನ್ನು ಆ ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಬಹುದು. ನೀವಾಗಿ 'ಇನ್‌ಸ್ಟಾಲ್' ಒತ್ತುವ ತನಕ ಒಳಗಿನ ಡಿಸ್ಕಿನಲ್ಲಿರುವುದು ಹಾಗೆಯೇ ಇರುತ್ತದೆ. ವೈಫೈ ಹಿಡಿಯಿತೇ, ಸದ್ದು ಬಂತೇ, ಪ್ರಿಂಟರ್ ಕಾಗದ ಎಳೆಯಿತೇ, ಕನ್ನಡದ ಒತ್ತಕ್ಷರ ಸರಿಯಾಗಿ ಮೂಡಿತೇ, ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಸ್ವಲ್ಪ ಹಣ ಇದ್ದರೆ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಆಪರೇಟಿಂಗ್ ಸಿಸ್ಟಮ್ ಬದಲಿಸಿದ್ದಕ್ಕಿಂತ ಅದರ ಪರಿಣಾಮ ಹೆಚ್ಚು.

ಇನ್ನು ದಾನಿಗಳಿಂದ ಫೋನು ಬಂದಾಗ ಸಂಕೋಚಪಡದೆ ಮೂರು ಪ್ರಶ್ನೆ ಕೇಳಿ: ಯಾವ ವರ್ಷದ್ದು, ರ‍್ಯಾಮ್ ಎಷ್ಟು, ಚಾರ್ಜರ್ ಜೊತೆಗಿದೆಯೇ? ನಗಬೇಡಿ, ಚಾರ್ಜರ್ ಇಲ್ಲದ ಲ್ಯಾಪ್‌ಟಾಪ್‌ಗಳೂ ಬರುತ್ತವೆ.