ಕಾಸಿನ ಮಾತಲ್ಲ

ತಂತ್ರಾಂಶ ಸ್ವಾತಂತ್ರ್ಯ ದಿನ 2004ರಲ್ಲಿ ಆರಂಭವಾದದ್ದು, ಸೆಪ್ಟೆಂಬರಿನಲ್ಲಿ ಬರುತ್ತದೆ. ನಮ್ಮ ಕೇರಳದಲ್ಲಿ ಶಾಲೆಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಕೈಟ್ ಸಂಸ್ಥೆ ಆ ಸಂದರ್ಭಕ್ಕೆ ಶಿಬಿರ ನಡೆಸಿದ್ದುಂಟು. ಮನೆಯ ಲ್ಯಾಪ್‌ಟಾಪ್ ಹೊತ್ತು ತಂದವರಿಗೆ ಲಿನಕ್ಸ್ ಹಾಕಿಕೊಡುತ್ತಾರೆ, ಪುಕ್ಕಟೆಯಾಗಿ.

ಪುಕ್ಕಟೆ ಎಂಬುದು ದೊಡ್ಡ ಮಾತಲ್ಲ. ಬ್ಯಾಂಕಿನ ಕ್ಯಾಲೆಂಡರೂ ಪುಕ್ಕಟೆಯೇ! ಈ ತಂತ್ರಾಂಶದ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಗ್ನೋಮ್, ಲಿಬ್ರೆ ಆಫೀಸ್ ಇವುಗಳ ಪರದೆಗೆ ಕನ್ನಡ ಬಂದದ್ದು ಹಾಗೆಯೇ. ಭಾಷೆ ಬಲ್ಲವರು ಕೂತು ಮಾತಿಗೆ ಮಾತು ತುಂಬಿದರು. ಯಾವ ಕಂಪೆನಿಯ ಅಪ್ಪಣೆಗೂ ಕಾಯಲಿಲ್ಲ. ಕನ್ನಡ ಫಾರಂ ಬೇಕೆಂದು ಕೌಂಟರಿನೆದುರು ನಿಂತ ಗಡಿನಾಡಿನವರಿಗೆ ಇದರ ಬೆಲೆ ತಿಳಿದೀತು.

ಶಿಬಿರಕ್ಕೆ ಹೋಗುವವರು ಲ್ಯಾಪ್‌ಟಾಪಿನಲ್ಲಿರುವ ಫೋಟೋ, ಕಾಗದಪತ್ರಗಳ ನಕಲನ್ನು ಮೊದಲೇ ಬೇರೆಡೆ ತೆಗೆದಿಟ್ಟುಕೊಳ್ಳಿ.