ಹೊಲದ ಚಿಗರಿಗೂ ಒಂದು ಹಾಡು



ಮಕ್ಕಳ ಪದ್ಯದಲ್ಲಿ ಕಾಡಿನ ಪ್ರಾಣಿ ಬಂದರೆ ಅದರ ಬಾಲಕ್ಕೊಂದು ನೀತಿ ಕಟ್ಟಲೇಬೇಕೆಂಬುದು ಹಿರಿಯರ ಹಟ. ಪಂಜೆ ಮಂಗೇಶರಾಯರ (1874–1937) ‘ನಾಗರಹಾವೆ’ ಪದ್ಯದಲ್ಲಿ ಆ ಹಟವಿಲ್ಲ. ಮಗು ಹಾವನ್ನು ಹತ್ತಿರ ಕರೆಯುತ್ತದೆ, ಕೊನೆಗೆ ಕಳಿಸಿಬಿಡುತ್ತದೆ. ಹೆದರಿಕೆಯೇ ಆಟವಾಗುತ್ತದೆ. ‘ತೆಂಕಣ ಗಾಳಿಯಾಟ’ದಲ್ಲಿ ಕರಾವಳಿಯ ಗಾಳಿಯೇ ಆಟಕ್ಕಿಳಿಯುತ್ತದೆ. ಪಂಜೆಯವರು ತಮ್ಮ ಸೀಮೆಯ ಹವೆಯನ್ನೇ ಪದ್ಯಕ್ಕೆ ತಂದರು.

ಕೃಷ್ಣಾ–ಭೀಮಾ ನದಿಗಳ ನಡುವಿನ ವಡಗೇರಾ ಸೀಮೆಗೆ ಕಡಲೂ ಇಲ್ಲ, ದಟ್ಟ ಅಡವಿಯೂ ಇಲ್ಲ. ಇರುವುದು ಕುರುಚಲು ಗಿಡ, ಎರಿ ಹೊಲ. ಆದರೂ ಪ್ರಾಣಿಗಳಿಗೆ ಬರವಿಲ್ಲ. ಮಳೆಗಾಲದಲ್ಲಿ ನವಿಲು ಕುಣಿಯುತ್ತದೆ. ಎಳೆಯ ಪೈರು ಮೇಯಲು ಚಿಗರಿ ಹಿಂಡು ಹೊಲಕ್ಕಿಳಿಯುತ್ತದೆ. ಚಳಿಗಾಲದಲ್ಲಿ ಸುರಪುರದ ಬಳಿಯ ಬೋನಾಳ ಕೆರೆಗೆ ದೂರದೇಶದ ಹಕ್ಕಿಗಳು ಬರುತ್ತವೆ. ಬೇಸಿಗೆಯಲ್ಲಿ ಎಲ್ಲಕ್ಕೂ ನೀರು ಹುಡುಕುವುದೇ ಕೆಲಸ.

ಚಿಗರಿ ಬೆಳೆ ತಿಂದರೆ ರೈತನಿಗೆ ನಷ್ಟ. 1972ರ ವನ್ಯಜೀವಿ ರಕ್ಷಣಾ ಕಾಯ್ದೆಯಂತೆ ಅದನ್ನು ಬೇಟೆಯಾಡುವುದು ಅಪರಾಧ. ಕಾಯ್ದೆ ಕೈ ಕಟ್ಟೀತು, ಅಕ್ಕರೆ ಹುಟ್ಟಿಸಲಾರದು. ಮನೆಯಲ್ಲಿ ಬೈಗುಳವನ್ನಷ್ಟೇ ಕೇಳಿದ ಮಗುವಿಗೆ ಚಿಗರಿ ಬರೀ ಕಳ್ಳ. ಅದರ ನೆಗೆತಕ್ಕೆ ತಾಳ ಕೂಡಿಸಿದ ಪದ್ಯವೊಂದು ಬಾಯಿಗೆ ಬಂದರೆ ಆ ಕಳ್ಳನೂ ಗೆಳೆಯನಾದಾನು.

ಕೊಪ್ಪಳ ಸೀಮೆಯ ಸಿದ್ಧಯ್ಯ ಪುರಾಣಿಕರು (1918–1994) ತಮ್ಮ ಮಕ್ಕಳ ಪದ್ಯಗಳ ಪುಸ್ತಕಕ್ಕೆ ‘ತುಪ್ಪಾ ರೊಟ್ಟಿ ಗೇಗೇಗೇ’ ಎಂದು ಹೆಸರಿಟ್ಟರು. ಬಿಸಿಲುನಾಡಿನ ಮಾತಿಗೂ ಮಕ್ಕಳನ್ನು ಕುಣಿಸುವ ಕಸುವಿದೆ ಎಂಬುದಕ್ಕೆ ಆ ಹೆಸರೇ ಸಾಕ್ಷಿ. ಚಿಗರಿಗೂ ಒಂದು ಹಾಡು ಕಟ್ಟುವ ಕೆಲಸ ಇನ್ನು ಶಾಲೆಯ ಗುರುಗಳದು, ಮನೆಯ ಅಜ್ಜಿಯರದು.